ಚಾರ್ಜರ್ ಕೊಳ್ಳುವ ಮುನ್ನ



ಇವತ್ತು ನಾನು ನಿಮ್ಮೊಡನೆ ಮಾತನಾಡಲಿರುವುದು ಅಂಗೈಯಗಲದ ಒಂದು ಪೆಟ್ಟಿಗೆಯ ವಿಷಯ. ರೇಡಿಯೋ ಅಲೆಗಳ ಮೂಲಕ ದೂರದಿಂದ ಹಾರಿಸುವ ಮಾದರಿ ವಿಮಾನ, ಓಡಿಸುವ ಕಾರು, ತೇಲಿಬಿಡುವ ದೋಣಿ, ಇವುಗಳ ಬ್ಯಾಟರಿಗೆ ವಿದ್ಯುತ್ ತುಂಬುವ ಚಾರ್ಜರ್ ಅದು. ಕಡಲೆಕಾಯಿ ಬೆಳೆಯುವ ನಮ್ಮೂರಿಗೆ ಈ ಶೋಕಿ ಏಕೆ ಎಂದು ನೀವು ನಗಬಹುದು. ಆದರೆ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿ ಓದುವ ನಮ್ಮ ಮಕ್ಕಳು ರಜೆಗೆ ಬರುವಾಗ ಬಟ್ಟೆಯ ಚೀಲದ ಜೊತೆಗೆ ಥರ್ಮಕೋಲಿನ ವಿಮಾನವನ್ನೂ ಹೊತ್ತು ತರುತ್ತಾರೆ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದು ತರಬೇತಿಯ ಒಂದು ಭಾಗ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಹಾರುವುದೂ ಇದೇ ಜಾತಿಯ ಬ್ಯಾಟರಿಯಿಂದ. ಆದ್ದರಿಂದ ಈ ಪೆಟ್ಟಿಗೆ ಇವತ್ತಲ್ಲದಿದ್ದರೆ ನಾಳೆ ನಿಮ್ಮ ಮನೆಗೂ ಬರುತ್ತದೆ.

ನಾನು ಇಂಜಿನಿಯರ್ ಅಲ್ಲ. ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವ ಅರ್ಜಿಗಳನ್ನು ನಮ್ಮ ಕನ್ನಡದ ರೈತರಿಗೆ ಓದಿ ಹೇಳುತ್ತಾ, "ಓದದೆ ಸಹಿ ಹಾಕಬೇಡಿ" ಎಂದು ಸಾವಿರಾರು ಸಲ ಬುದ್ಧಿ ಹೇಳಿದವನು. ಅಂಥ ನಾನೇ ಒಂದು ರಾತ್ರಿ ಓದದೆ ಒಂದು ಕೆಲಸ ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ದಸರಾ ರಜೆಗೆ ಮೊಮ್ಮಗ ಬಂದಿದ್ದ. ಒಂಬತ್ತನೇ ತರಗತಿಯ ಹುಡುಗ. ತಾನೇ ಕತ್ತರಿಸಿ ಅಂಟಿಸಿದ ವಿಮಾನವನ್ನು ಒಣಗಿದ ಕೆರೆಯಂಗಳದಲ್ಲಿ ಹಾರಿಸಿದ. ಊರಿನ ಹುಡುಗರೆಲ್ಲ ಹಿಂದೆ ಓಡಿದರು. ಎಂಟು ನಿಮಿಷಕ್ಕೆ ಬ್ಯಾಟರಿ ಮುಗಿಯಿತು. ಮನೆಗೆ ಬಂದು ಚೀಲ ತಡಕಾಡಿದವನು, "ತಾತ, ಚಾರ್ಜರ್ ಬೆಂಗಳೂರಿನಲ್ಲೇ ಬಿಟ್ಟು ಬಂದೆ" ಎಂದು ಅಳುಮುಖ ಮಾಡಿದ. ನನಗೆ ಮನಸ್ಸು ತಡೆಯಲಿಲ್ಲ. ನಮ್ಮ ಮನೆಯಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಇದೆ. ಅದರ ಚಾರ್ಜರಿನ ಮೇಲೆ 12 ವೋಲ್ಟ್ ಎಂದಿತ್ತು. ವಿಮಾನದ ಬ್ಯಾಟರಿಯ ಮೇಲೆ 11.1 ವೋಲ್ಟ್ ಎಂದಿತ್ತು. ಹೆಚ್ಚುಕಡಿಮೆ ಒಂದೇ ಅಲ್ಲವೇ ಎಂದುಕೊಂಡೆ. ಹುಡುಗ ಮಲಗಿದ ಮೇಲೆ, ಬೆಳಿಗ್ಗೆ ಎದ್ದು ಖುಷಿಪಡಲಿ ಎಂದು, ತಂತಿಗೆ ತಂತಿ ಹೆಣೆದು ನಡುಮನೆಯ ಮರದ ಸ್ಟೂಲಿನ ಮೇಲಿಟ್ಟೆ. ನಾಲ್ಕು ಅಡಿ ಆಚೆ ಚಾಪೆಯ ಮೇಲೆ ಅವನೂ ಅವನ ತಂಗಿಯೂ ಮಲಗಿದ್ದರು.

ರಾತ್ರಿ ನನ್ನ ಹೆಂಡತಿ, "ಏನ್ರೀ, ಏನೋ ವಾಸನೆ" ಎಂದು ಎಬ್ಬಿಸಿದಳು. ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ. ನೋಡಿದರೆ ಬ್ಯಾಟರಿ ಪೂರಿಯಂತೆ ಉಬ್ಬಿದೆ. ಪ್ಲಗ್ ಕಿತ್ತೆ. ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಓಡಿದೆ. ಮರಳಿನ ಗುಡ್ಡೆ ಮುಟ್ಟುವಷ್ಟರಲ್ಲಿ ಅದು ಬುಸ್ಸೆಂದು ಉರಿಯಿತು. ನನ್ನ ಬಲಗೈ ಸುಟ್ಟಿತು, ಹುಬ್ಬು ಕರಕಲಾಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಹಾಗೆ ಕೈಯಲ್ಲಿ ಹಿಡಿದು ಓಡಿದ್ದೂ ತಪ್ಪೇ ಎಂದು ಆಮೇಲೆ ತಿಳಿಯಿತು. ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಹೋಗುವುದು ಮೊದಲ ಕೆಲಸ. ಆ ಹೊಗೆಯೂ ವಿಷವೇ.

ಸ್ಪ್ರೇಯರಿನ ಚಾರ್ಜರಿನದು ಏನೂ ತಪ್ಪಿರಲಿಲ್ಲ, ಬ್ಯಾಟರಿಯದೂ ಇರಲಿಲ್ಲ. ಎರಡನ್ನೂ ಗಂಟು ಹಾಕಿದ ನನ್ನದು ತಪ್ಪು. ಅಲ್ಲಿಂದ ನಾನು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳನ್ನು ಸುತ್ತಿ, ತಿಳಿದವರನ್ನು ಕೇಳಿ, ಪುಸ್ತಿಕೆಗಳನ್ನು ಓದಿ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಚಾರ್ಜರನ್ನು ನೋಡಿ ಚಾರ್ಜರ್ ಕೊಳ್ಳಬಾರದು, ಬ್ಯಾಟರಿಯನ್ನು ನೋಡಿ ಕೊಳ್ಳಬೇಕು.

ಬ್ಯಾಟರಿಗಳಲ್ಲಿ ಜಾತಿಗಳಿವೆ. ಮೊದಲನೆಯದು ಸೀಸ ಮತ್ತು ಆಮ್ಲದ್ದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು. ನಮ್ಮ ಟ್ರ್ಯಾಕ್ಟರು, ಇನ್ವರ್ಟರು, ಸ್ಪ್ರೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಒಂದು ಕೋಶಕ್ಕೆ 2 ವೋಲ್ಟ್, ಆರು ಕೋಶ ಸೇರಿ 12 ವೋಲ್ಟ್. ಎರಡನೆಯದು ನಿಕಲ್ ಜಾತಿ, ಅಂದರೆ ನಿಕಲ್ ಕ್ಯಾಡ್ಮಿಯಮ್ ಮತ್ತು ನಿಕಲ್ ಮೆಟಲ್ ಹೈಡ್ರೈಡ್. ಕೋಶಕ್ಕೆ 1.2 ವೋಲ್ಟ್. ಆಟದ ಕಾರುಗಳಲ್ಲಿ, ಕೈಯಲ್ಲಿ ಹಿಡಿಯುವ ನಿಯಂತ್ರಕದಲ್ಲಿ ಇರುತ್ತದೆ. ಮೂರನೆಯದು ಲಿಥಿಯಮ್ ಪಾಲಿಮರ್. ಹಾರುವ ವಿಮಾನಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಕೋಶಕ್ಕೆ ಹೆಸರಿಗೆ 3.7 ವೋಲ್ಟ್, ತುಂಬಿದಾಗ 4.2 ವೋಲ್ಟ್. ನಾಲ್ಕನೆಯದು ಲಿಥಿಯಮ್ ಕಬ್ಬಿಣ ಫಾಸ್ಫೇಟ್. ಕೋಶಕ್ಕೆ 3.2 ವೋಲ್ಟ್, ತುಂಬಿದಾಗ ಸುಮಾರು 3.6 ವೋಲ್ಟ್.

ಇಷ್ಟೊಂದು ಜಾತಿ ಏಕೆ ಎಂದರೆ, ಹಾರುವ ವಸ್ತುವಿಗೆ ತೂಕವೇ ಶತ್ರು. ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಎಂಬುವರು 1957ರಲ್ಲಿ ವಿದ್ಯುತ್ ಮೋಟಾರಿನ ಮಾದರಿ ವಿಮಾನವನ್ನು ರೇಡಿಯೋ ನಿಯಂತ್ರಣದಿಂದ ಹಾರಿಸಿದಾಗ ಬೆಳ್ಳಿ ಮತ್ತು ಸತುವಿನ ಬ್ಯಾಟರಿ ಬಳಸಬೇಕಾಯಿತು. ಸೀಸ ಹೊತ್ತು ಹಾರುವುದು ಸುಲಭವಲ್ಲ. 1991ರಲ್ಲಿ ಲಿಥಿಯಮ್ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂತು. ಅದನ್ನು ಸಾಧ್ಯ ಮಾಡಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಇಡುವುದು ಅದರ ಗುಣ. ಅಷ್ಟು ಶಕ್ತಿ ಒಮ್ಮೆಲೇ ಹೊರಬಂದರೆ ಬೆಂಕಿ, ಅದು ಅದರ ದೋಷ.

ಈಗ ಒಂದೊಂದು ಜಾತಿಯ ಊಟದ ಕ್ರಮವೂ ಬೇರೆ. ನಿಕಲ್ ಜಾತಿಯದು ಹೊಟ್ಟೆ ತುಂಬಿದಾಗ ಅದರ ವೋಲ್ಟ್ ಒಂದಿಷ್ಟೇ ಇಷ್ಟು ಕೆಳಗಿಳಿಯುತ್ತದೆ. ಚಾರ್ಜರ್ ಆ ಇಳಿತವನ್ನು ಗುರುತಿಸಿ ನಿಲ್ಲಿಸಬೇಕು. ಲಿಥಿಯಮ್ ಹಾಗಲ್ಲ. ಮೊದಲು ಒಂದೇ ಸಮನೆ ಕರೆಂಟ್ ಕೊಡಬೇಕು. ಕೋಶ 4.2 ವೋಲ್ಟ್ ಮುಟ್ಟಿದ ಕೂಡಲೇ ಅಲ್ಲಿಗೇ ಹಿಡಿದು ನಿಲ್ಲಿಸಿ, ಕರೆಂಟನ್ನು ಮೆಲ್ಲಗೆ ಕಡಿಮೆ ಮಾಡುತ್ತಾ ಹೋಗಿ ಕೊನೆಗೆ ಮುಗಿಸಬೇಕು. ನಾನು ಬಳಸಿದಂಥ ಸೀಸದ ಬ್ಯಾಟರಿಯ ಚಾರ್ಜರ್ 14.4 ವೋಲ್ಟಿನ ಸುಮಾರಿಗೆ ಏರುತ್ತದೆ. ವಿಮಾನದ ಬ್ಯಾಟರಿಯಲ್ಲಿ ಇದ್ದದ್ದು ಮೂರು ಕೋಶ. ಭಾಗಿಸಿ ನೋಡಿ, ಒಂದೊಂದಕ್ಕೆ 4.8 ವೋಲ್ಟ್. 4.2ಕ್ಕೆ ಸಾಕೆನ್ನುವ ಕೋಶಕ್ಕೆ ನಾನು 4.8ರವರೆಗೆ ತುರುಕಲು ಹೊರಟಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ ಹಿರಿಯರು. ಈ ಬ್ಯಾಟರಿಗೆ ತಾನೇ ಸಾಕು ಎನ್ನಲು ಬಾಯಿಲ್ಲ. ಸಾಕು ಎನ್ನಬೇಕಾದದ್ದು ಚಾರ್ಜರ್.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಇದು: "ಈ ಚಾರ್ಜರ್ ನಮ್ಮ ಬ್ಯಾಟರಿಯ ಜಾತಿಗೆ ಆಗುತ್ತದೆಯೇ?" ಒಂದೇ ಜಾತಿಗೆ ಆಗುವ ಸಣ್ಣ ಚಾರ್ಜರುಗಳೂ ಇವೆ, ಎಲ್ಲ ಜಾತಿಗೂ ಆಗುವ, ಪುಟ್ಟ ಪರದೆಯುಳ್ಳ ಚಾರ್ಜರುಗಳೂ ಇವೆ. ಎರಡನೆಯದೇ ಮೇಲು. ಆದರೆ ಅದರಲ್ಲಿ ಜಾತಿಯನ್ನು ನೀವೇ ಆರಿಸಬೇಕು. ನಿಕಲ್ ಎಂದು ಇಟ್ಟು ಲಿಥಿಯಮ್ ಜೋಡಿಸಿದರೆ ನನ್ನ ಕಥೆಯೇ ನಿಮ್ಮ ಕಥೆಯಾಗುತ್ತದೆ.

ಎರಡನೆಯದು, ಬ್ಯಾಟರಿಯ ಮೇಲಿನ ಬರಹ ಓದುವುದು. ನಮ್ಮ ಹುಡುಗನ ಬ್ಯಾಟರಿಯ ಮೇಲೆ 3ಎಸ್, 2200 ಎಂಎಎಚ್, 30ಸಿ ಎಂದಿತ್ತು. 3ಎಸ್ ಎಂದರೆ ಮೂರು ಕೋಶಗಳು ಸಾಲಾಗಿ ಜೋಡಿಸಿವೆ ಎಂದು. ಮೂರು ಸಲ 3.7 ಎಂದರೆ 11.1 ವೋಲ್ಟ್. 2200 ಎಂಎಎಚ್ ಎಂದರೆ ಅದರ ಸಾಮರ್ಥ್ಯ. 2.2 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡಬಲ್ಲದು ಎಂದರ್ಥ. 30ಸಿ ಎಂದು ದಪ್ಪ ಅಕ್ಷರದಲ್ಲಿ ಇರುವುದನ್ನು ನೋಡಿ ಬಹಳ ಜನ ಮೋಸಹೋಗುತ್ತಾರೆ. ಅದು ಖರ್ಚಿನ ವೇಗ, ಜಮೆಯ ವೇಗವಲ್ಲ. ಹಣ ತೆಗೆಯುವಾಗ ಎಷ್ಟು ಬೇಗ ತೆಗೆಯಬಹುದು ಎಂದು ಅದು ಹೇಳುತ್ತದೆ. ಜಮೆ ಮಾಡುವುದಕ್ಕೆ ಒಂದು ಸಿ ಸಾಕು, ಅಂದರೆ 2200ರ ಬ್ಯಾಟರಿಗೆ 2.2 ಆಂಪಿಯರ್. ಹೀಗೆ ತುಂಬಿದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹೆಚ್ಚು ವೇಗದಲ್ಲಿ ತುಂಬಬಹುದು ಎಂದು ಬ್ಯಾಟರಿ ಮಾಡಿದವರೇ ಬರೆದಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ.

ಮೂರನೆಯದು ನನಗೆ ಬ್ಯಾಂಕಿನ ಕೆಲಸದಿಂದ ಬೇಗ ಅರ್ಥವಾದದ್ದು. ಈ ಬ್ಯಾಟರಿಗೆ ದಪ್ಪನೆಯ ಎರಡು ತಂತಿಗಳ ಜೊತೆಗೆ ತೆಳ್ಳನೆಯ ತಂತಿಗಳ ಒಂದು ಬಿಳಿಯ ಪ್ಲಗ್ ಇರುತ್ತದೆ. ಮೂರು ಕೋಶವಿದ್ದರೆ ನಾಲ್ಕು ತಂತಿ, ನಾಲ್ಕು ಕೋಶವಿದ್ದರೆ ಐದು. ಅದಕ್ಕೆ ಬ್ಯಾಲೆನ್ಸ್ ಪ್ಲಗ್ ಎನ್ನುತ್ತಾರೆ. ಬ್ಯಾಂಕಿನಲ್ಲಿ ಸಾಯಂಕಾಲ ಮೂರು ಕೌಂಟರುಗಳ ನಗದು ಕೂಡಿಸಿದಾಗ ಒಟ್ಟು ಸರಿಬಂತು ಎಂದುಕೊಳ್ಳಿ. ಅಷ್ಟಕ್ಕೇ ಮನೆಗೆ ಹೋಗಬಹುದೇ? ಒಂದು ಕೌಂಟರಿನಲ್ಲಿ ನೂರು ಹೆಚ್ಚು, ಇನ್ನೊಂದರಲ್ಲಿ ನೂರು ಕಡಿಮೆ ಇದ್ದರೂ ಒಟ್ಟು ಸರಿಯಾಗಿಯೇ ಕಾಣುತ್ತದೆ. ಬ್ಯಾಟರಿಯೂ ಹಾಗೆ. ಮೂರು ಕೋಶ ತುಂಬಿದರೆ ಒಟ್ಟು 12.6 ವೋಲ್ಟ್. ಆದರೆ ಒಂದು ಕೋಶ 4.35, ಇನ್ನೊಂದು 4.15, ಮತ್ತೊಂದು 4.10 ಇದ್ದರೂ ಮೊತ್ತ 12.6 ಆಗುತ್ತದೆ. ಮೊತ್ತ ಮಾತ್ರ ನೋಡುವ ಚಾರ್ಜರ್ ಎಲ್ಲ ಸರಿ ಎನ್ನುತ್ತದೆ. ಮೊದಲ ಕೋಶ ಮಾತ್ರ ಒಳಗೊಳಗೇ ಕೆಡುತ್ತಿರುತ್ತದೆ. ಬ್ಯಾಲೆನ್ಸ್ ಮಾಡುವ ಚಾರ್ಜರ್ ಒಂದೊಂದು ಕೋಶದ ಲೆಕ್ಕವನ್ನೂ ಬೇರೆಬೇರೆಯಾಗಿ ನೋಡಿ ಸಮ ಮಾಡುತ್ತದೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಕೋಶದ ಲಿಥಿಯಮ್ ಬ್ಯಾಟರಿಗೆ ಬ್ಯಾಲೆನ್ಸ್ ಸೌಲಭ್ಯವಿಲ್ಲದ ಚಾರ್ಜರನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಒಂದೊಂದು ಕೋಶದ ವೋಲ್ಟನ್ನು ಪರದೆಯ ಮೇಲೆ ತೋರಿಸುವಂಥದ್ದಾದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು ವ್ಯಾಟ್. ಅಂಗಡಿಯವರು "ಇದು 6 ಆಂಪಿಯರ್ ಕೊಡುತ್ತದೆ ಸಾರ್" ಎನ್ನುತ್ತಾರೆ. ಎಷ್ಟು ವೋಲ್ಟಿನಲ್ಲಿ ಎಂದು ನೀವು ಕೇಳಬೇಕು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ನಮ್ಮ ಹುಡುಗನ ಬ್ಯಾಟರಿಗೆ 12.6ನ್ನು 2.2ರಿಂದ ಗುಣಿಸಿದರೆ 28 ವ್ಯಾಟ್ ಆಗುತ್ತದೆ. 50 ವ್ಯಾಟಿನ ಚಾರ್ಜರ್ ಧಾರಾಳವಾಗಿ ಸಾಕು. ನಾಳೆ ಅವನು ನಾಲ್ಕು ಕೋಶದ 5000 ಎಂಎಎಚ್ ಬ್ಯಾಟರಿ ತಂದರೆ 16.8ನ್ನು 5ರಿಂದ ಗುಣಿಸಬೇಕು, 84 ವ್ಯಾಟ್ ಬೇಕು. ಆಗ 50 ವ್ಯಾಟಿನ ಚಾರ್ಜರ್ ಕೆಡುವುದಿಲ್ಲ, 3 ಆಂಪಿಯರಿಗಿಂತ ಹೆಚ್ಚು ಕೊಡಲಾರದು ಅಷ್ಟೆ. ಗಂಟೆಯ ಕೆಲಸ ಎರಡು ಗಂಟೆಯ ಹತ್ತಿರಕ್ಕೆ ಹೋಗುತ್ತದೆ. ಮಗುವಿಗೆ ಬಟ್ಟೆ ಹೊಲಿಸುವಾಗ ಒಂದೆರಡು ಅಂಗುಲ ಒಳಗೆ ಮಡಿಸಿಡುವಂತೆ ಇಲ್ಲಿಯೂ ಸ್ವಲ್ಪ ಹೆಚ್ಚಿಗೆ ನೋಡಿಕೊಳ್ಳಿ. ಆದರೆ ಸಣ್ಣ ವಿಮಾನವೊಂದಕ್ಕೆ 500 ವ್ಯಾಟಿನದು ತರುವುದು ಹಣ ದಂಡ.

ಐದನೆಯದು ನಮ್ಮ ಊರಿಗೇ ಸೇರಿದ ಪ್ರಶ್ನೆ. ಈ ಚಾರ್ಜರ್ ತಾನು ವಿದ್ಯುತ್ತನ್ನು ಎಲ್ಲಿಂದ ಪಡೆಯುತ್ತದೆ? ಕೆಲವು ನೇರ ಗೋಡೆಯ ಪ್ಲಗ್ಗಿಗೆ ಹಾಕುವಂಥವು. ಕೆಲವಕ್ಕೆ 12 ವೋಲ್ಟಿನ ಬ್ಯಾಟರಿಯೋ ಬೇರೆ ಅಡಾಪ್ಟರೋ ಬೇಕು. ಎರಡೂ ಆಗುವಂಥವೂ ಇವೆ. ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ 2050 ಮೆಗಾವ್ಯಾಟಿನ ಸೌರ ಪಾರ್ಕ್ 2019ರಲ್ಲಿ ಪೂರ್ಣಗೊಂಡು ಬೆಳಗುತ್ತಿದ್ದರೂ ಹಳ್ಳಿಯ ಮನೆಯಲ್ಲಿ ಗಾಳಿಮಳೆ ಬಂದರೆ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಕೆರೆಯಂಗಳದಲ್ಲಿ ಪ್ಲಗ್ಗೂ ಇಲ್ಲ. ಅದಕ್ಕೆ ಎರಡೂ ಆಗುವ ಚಾರ್ಜರೇ ನಮಗೆ ಸರಿ ಎನ್ನುವುದು ನನ್ನ ಅನುಭವ.

ಇಲ್ಲಿಯೂ ಒಂದು ಲೆಕ್ಕವಿದೆ. ನಮ್ಮ 2200ರ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 24 ವ್ಯಾಟ್ ಅವರ್. ದಾರಿಯಲ್ಲಿ ಸೋರುವುದನ್ನೂ ಸೇರಿಸಿದರೆ 30 ಎಂದಿಟ್ಟುಕೊಳ್ಳಿ. ಕಾರಿನ 12 ವೋಲ್ಟ್, 40 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 480 ಇದೆ. ಅದರಿಂದ ನಾಲ್ಕೈದು ಸಲ ತುಂಬಿದರೂ ಕಾರು ಎಂದಿನಂತೆ ಚಾಲೂ ಆಗುತ್ತದೆ. ಆದರೆ ಮೋಟಾರ್ ಸೈಕಲ್ಲಿನ 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದೇ 60. ಎರಡು ಸಲ ತುಂಬಿದರೆ ಗಾಡಿ ತಳ್ಳಿಕೊಂಡು ಊರಿಗೆ ಬರಬೇಕು. ಸೌರ ಫಲಕವನ್ನು ಲಿಥಿಯಮ್ ಬ್ಯಾಟರಿಗೆ ನೇರವಾಗಿ ಎಂದೂ ಜೋಡಿಸಬೇಡಿ. 12 ವೋಲ್ಟಿನದು ಎನ್ನುವ ಫಲಕವೂ ಬಿಸಿಲಿನಲ್ಲಿ 20 ವೋಲ್ಟಿನ ಹತ್ತಿರ ಹೋಗುತ್ತದೆ. ನಿಯಂತ್ರಕದ ಮೂಲಕ ಮೊದಲು ಸೀಸದ ಬ್ಯಾಟರಿಗೆ, ಅಲ್ಲಿಂದ ಚಾರ್ಜರಿಗೆ, ಚಾರ್ಜರಿನಿಂದ ವಿಮಾನದ ಬ್ಯಾಟರಿಗೆ. ಇದೇ ಸರಿಯಾದ ದಾರಿ. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ಕನ್ನಡಕ ಹಾಕಿಕೊಂಡೇ ಜೋಡಿಸಿ.

ಅಂಗಡಿಗೆ ಹೋಗುವಾಗ ನಿಮ್ಮ ಬ್ಯಾಟರಿಯನ್ನು ಜೊತೆಗೆ ಒಯ್ಯಿರಿ. ಅದರ ಪ್ಲಗ್ಗು ಚಾರ್ಜರಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಸರಿಯಾದ ತಂತಿ ಕೊಳ್ಳಿ, ನನ್ನಂತೆ ಹೆಣೆಯಬೇಡಿ. ಅಲ್ಲಿಯೇ ಜೋಡಿಸಿ ಪರದೆಯ ಮೇಲೆ ಬರುವ ವೋಲ್ಟನ್ನು ಮೀಟರಿನಿಂದ ಅಳೆಯಲು ಹೇಳಿ. ಎರಡಕ್ಕೂ ತಾಳೆಯಾಗಬೇಕು. ತಪ್ಪು ಜೋಡಿಸಿದರೆ, ಬಿಸಿ ಹೆಚ್ಚಾದರೆ, ಇಟ್ಟ ಸಮಯ ಮೀರಿದರೆ ತಾನೇ ನಿಲ್ಲುತ್ತದೆಯೇ ಎಂದು ಕೇಳಿ. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು ಇದೆಯೇ ನೋಡಿ. ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿಗೆ 2012ರಲ್ಲಿಯೇ ಆದೇಶವಾಗಿದೆ. ಬಿಲ್ಲು ಇಲ್ಲದೆ ಕೊಳ್ಳಬೇಡಿ. ಹೆಸರಾಂತ ಚಾರ್ಜರುಗಳ ನಕಲುಗಳೂ ಮಾರುಕಟ್ಟೆಯಲ್ಲಿ ತುಂಬಿವೆ. ನೋಡಲು ಅವಳಿ ಮಕ್ಕಳಂತಿರುತ್ತವೆ. ಅಳತೆಯಲ್ಲಿ ವ್ಯತ್ಯಾಸ ಬಂದರೆ ಆಗ ತಿಳಿಯುತ್ತದೆ.

ಇನ್ನೊಂದು ಸೌಲಭ್ಯವನ್ನು ಮರೆಯದೆ ಕೇಳಿ, ಅದು ಸ್ಟೋರೇಜ್. ರಜೆ ಮುಗಿದು ವಿಮಾನ ಅಟ್ಟ ಸೇರಿದ ಮೇಲೆ ಲಿಥಿಯಮ್ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಕೋಶಕ್ಕೆ 3.8 ವೋಲ್ಟಿನ ಹತ್ತಿರ ಇಡಬೇಕು. 3 ವೋಲ್ಟಿಗಿಂತ ಕೆಳಗಿಳಿದ ಕೋಶ ಬಹುಮಟ್ಟಿಗೆ ಕೆಟ್ಟಂತೆಯೇ. ಒಳ್ಳೆಯ ಚಾರ್ಜರ್ ತಾನೇ ತುಂಬಿಯೋ ಇಳಿಸಿಯೋ ಆ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಬ್ಯಾಟರಿ ಇಡಬೇಡಿ.

ಎಂಥ ಚಾರ್ಜರ್ ತಂದರೂ ನಿಯಮಗಳನ್ನು ಮಾತ್ರ ಬಿಡಬೇಡಿ. ಮಲಗುವ ಕೋಣೆಯಲ್ಲಿ, ಹಾಸಿಗೆಯ ಹತ್ತಿರ, ಮರದ ಮೇಲೆ ಚಾರ್ಜ್ ಮಾಡಬೇಡಿ. ಜಗಲಿಯಲ್ಲಿ ಮರಳು ಹಾಸಿದ ಅಗಲವಾದ ಮಣ್ಣಿನ ಬಾನಿಯಲ್ಲಿ ಬ್ಯಾಟರಿ ಇಡಿ, ಚಾರ್ಜರ್ ಹೊರಗಿರಲಿ. ಪಕ್ಕದಲ್ಲಿ ಒಂದು ಬಕೆಟ್ ಒಣಮರಳು ಇರಲಿ. ಉಬ್ಬಿದ, ಜಜ್ಜಿದ, ಬಿದ್ದು ಪೆಟ್ಟಾದ ಬ್ಯಾಟರಿಗೆ ಮತ್ತೆ ವಿದ್ಯುತ್ ತುಂಬಬೇಡಿ. ಅದನ್ನು ತಿಪ್ಪೆಗೂ ಎಸೆಯಬೇಡಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಕೊಂಡ ಅಂಗಡಿಯಲ್ಲಿ ಕೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು, ಚಾರ್ಜ್ ಆಗುವಷ್ಟು ಹೊತ್ತೂ ಎಚ್ಚರವಿರುವ ಒಬ್ಬರು ಹತ್ತಿರ ಕೂತಿರಬೇಕು.

ಶ್ರೋತೃಗಳೇ, ಇಷ್ಟನ್ನೂ ನಾನು ಮೊದಲೇ ತಿಳಿಯಬಹುದಿತ್ತು. ಬ್ಯಾಟರಿಯ ಮೇಲೆ, ಚಾರ್ಜರಿನ ಮೇಲೆ ಎಲ್ಲವೂ ಬರೆದಿತ್ತು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರದಲ್ಲಿ. ಹಿಂದೆ ನಮ್ಮ ರೈತರು ಸಾಲದ ಪತ್ರ ಹಿಡಿದು ನನ್ನ ಕೌಂಟರಿನ ಮುಂದೆ ನಿಂತಾಗ ಅವರಿಗೆ ಹೇಗೆ ಅನಿಸುತ್ತಿತ್ತು ಎಂಬುದು ಆ ರಾತ್ರಿ ನನಗೆ ತಿಳಿಯಿತು. ಈಗ ನಾನು ಒಂದು ರಟ್ಟಿನ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಚಾರ್ಜರಿನ ಪೆಟ್ಟಿಗೆಗೆ ಅಂಟಿಸಿದ್ದೇನೆ. ಜಾತಿ ಯಾವುದು, ಕೋಶ ಎಷ್ಟು, ಆಂಪಿಯರ್ ಎಷ್ಟು, ಬಿಳಿ ಪ್ಲಗ್ ಹಾಕಿದೆಯೇ, ಯಾರು ಕೂತಿದ್ದಾರೆ. ಐದೇ ಸಾಲು. ನಿಮ್ಮ ಮನೆಯಲ್ಲೂ ಹಾಗೆ ಬರೆದು ಅಂಟಿಸಿ. ಅಕ್ಷರ ಬಲ್ಲ ಮಕ್ಕಳಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು.

ಸಂಕ್ರಾಂತಿಗೆ ಮೊಮ್ಮಗ ಮತ್ತೆ ಬಂದ. 80 ವ್ಯಾಟಿನ, ಎರಡೂ ಕಡೆಯಿಂದ ವಿದ್ಯುತ್ ಪಡೆಯುವ, ಬ್ಯಾಲೆನ್ಸ್ ಮಾಡುವ ಚಾರ್ಜರನ್ನು ಇಬ್ಬರೂ ಸೇರಿ ಆರಿಸಿ ತಂದಿದ್ದೆವು. ಅವನು ರಟ್ಟು ಓದುತ್ತಾನೆ, ನಾನು ಹೂಂ ಎನ್ನುತ್ತೇನೆ. ಆಮೇಲೆ ಬ್ಯಾಟರಿ ತುಂಬುವವರೆಗೆ ಒಂದು ಗಂಟೆಗೂ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂತಿರುತ್ತೇವೆ. ಅವನು ಶಾಲೆಯ ಸುದ್ದಿ ಹೇಳುತ್ತಾನೆ, ನಾನು ಹೇಮಾವತಿಯ ನೊಳಂಬರ ಕಥೆ ಹೇಳುತ್ತೇನೆ. ಮೊದಲು ಆ ಒಂದು ಗಂಟೆ ಕಾಯುವುದು ಬೇಡವೆಂದೇ ನಾನು ರಾತ್ರಿ ತಂತಿ ಹೆಣೆದದ್ದು. ಈಗ ಬ್ಯಾಟರಿ ಇಷ್ಟು ಬೇಗ ತುಂಬಿತೇ ಎನಿಸುತ್ತದೆ.